ಲೆಕ್ಕಕ್ಕಿಲ್ಲದ ಕುತ್ತಿಗೆ

ಪುಟ್ಟೀ, ಚಿನ್ನೂ,

ನಿಮ್ಮ ಅಮ್ಮನ ಕೋಣೆಯ ಬಾಗಿಲ ಹಿಂದೆ ತೂಗುವ ಪ್ಲಾಸ್ಟಿಕ್ ಬೆನ್ನೆಲುಬನ್ನು ನೀವು ಹುಟ್ಟಿದಂದಿನಿಂದ ನೋಡುತ್ತಿದ್ದೀರಿ. ಅದಕ್ಕೆ ಟೋಪಿ ಹಾಕಿದ್ದೀರಿ, ಚೌತಿಯ ದಿನ ಹೂವು ಮುಡಿಸಿದ್ದೀರಿ. ಮೊನ್ನೆ ನೆಂಟರು ತುಂಬಿದ್ದಾಗ ಇಬ್ಬರೂ ನನ್ನ ಸೆರಗು ಹಿಡಿದು, "ಅಜ್ಜಿ, ಇದು ನಮ್ಮ ಮನೆಗೆ ಯಾಕೆ ಬಂತು?" ಎಂದು ಕೇಳಿದಿರಿ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಆಮೇಲೆ ಹೇಳುತ್ತೇನೆ ಎಂದೆ. ಈಗ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ಆಡುವುದು ತುಳು. ಆದರೆ ನಾನು ಬರೆಯಲು ಕಲಿತದ್ದು ಕಾಪುವಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ, ಕನ್ನಡದಲ್ಲಿ. ಹಾಗಾಗಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದೇ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ ಕಾರ್ಕಳದ ಒಂದು ಅಂಗಡಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದ. ಅಂಬಲಪಾಡಿಯಿಂದ ಸಂಬಂಧ ಬಂತು. ಹುಡುಗಿ ಫಿಸಿಯೋಥೆರಪಿ ಓದಿದವಳು, ಮಣಿಪಾಲದಲ್ಲಿ ಅದರ ಮೇಲಿನ ಡಿಗ್ರಿಗೆ ಸೀಟು ಸಿಕ್ಕಿದೆ, ಮದುವೆಯಾದರೂ ಅದನ್ನು ಮುಗಿಸಬೇಕು, ಅದೊಂದೇ ಅವಳ ಮಾತು ಎಂದರು. ನಾನು ಆಗಲಿ ಎಂದೆ. ಅದು ಎಂಥ ಓದು ಎಂದು ಕೇಳಲು ನಾಚಿಕೆಯಾಯಿತು. ಕೈಕಾಲು ಉಳುಕಿದವರಿಗೆ ವ್ಯಾಯಾಮ ಹೇಳಿಕೊಡುವುದು ಎಂದು ನಿಮ್ಮ ಅಪ್ಪ ಆಮೇಲೆ ತಿಳಿಸಿದ. ನೆರೆಮನೆಯ ದೊಡ್ಡಕ್ಕನಿಗೆ ಹೇಳಿದಾಗ ಅವಳು, "ಉಳುಕು ತೆಗೆಯಲಿಕ್ಕೆ ಕಾಲೇಜು ಎಂತಕ್ಕೆ ಮಾರಾಯ್ತಿ? ಅವಳಿ ಹೆತ್ತವಳು ಕಾಲಲ್ಲಿ ಮುಟ್ಟಿದರೆ ಸಾಕಲ್ಲ?" ಎಂದು ನಕ್ಕಳು. ದೊಡ್ಡಕ್ಕ ನನಗೆ ರಕ್ತಸಂಬಂಧವಲ್ಲ. ಬೆಳ್ಮಣ್‌ನಲ್ಲಿ ನಮ್ಮ ಕೇರಿಯ ಎಲ್ಲರಿಗೂ ಅವಳು ದೊಡ್ಡಕ್ಕ.

ಮದುವೆಯಾದ ತಿಂಗಳಲ್ಲೇ ಒಂದು ಸಂಜೆ ನಿಮ್ಮ ಅಮ್ಮ ಉಡುಪಿ ಬಸ್ಸಿನಿಂದ ಇಳಿದಳು. ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ಹೊತ್ತಿದ್ದಳು. ಕಂಡಕ್ಟರ್ ಬಾಗಿಲಲ್ಲೇ ನಿಂತು, "ಅಕ್ಕ, ಇದಕ್ಕೆ ಟಿಕೆಟ್ ಮಾಡಲಿಲ್ಲ ನೀವು" ಎಂದು ಕೂಗಿದ. ಇವಳು ತಿರುಗಿ, "ಅದು ಸೀಟಲ್ಲಿ ಕೂತುಕೊಳ್ಳಲಿಲ್ಲ, ನಿಂತೇ ಬಂದದ್ದು" ಎಂದಳು. ಬಸ್ಸಿನವರೆಲ್ಲ ನಕ್ಕರು. ಮನೆಗೆ ಬಂದು ಬೆಡ್‌ಶೀಟು ಬಿಚ್ಚಿದಾಗ ನಾನು ದೀಪ ಹಚ್ಚಲು ಕಡ್ಡಿ ಗೀರಿದವಳು ಹಾಗೆಯೇ ನಿಂತುಬಿಟ್ಟೆ. ಬೆರಳು ಸುಟ್ಟಿತು.

"ಪ್ಲಾಸ್ಟಿಕ್, ಅತ್ತೆ. ಓದಲಿಕ್ಕೆ ತಂದದ್ದು" ಎಂದಳು. "ಮುಟ್ಟಿ ನೋಡಿ."

ಅವಳ ಎದುರು ಮುಟ್ಟಲಿಲ್ಲ. ಮರುದಿನ ಅವಳು ಮಣಿಪಾಲಕ್ಕೆ ಹೋದ ಮೇಲೆ ಮುಟ್ಟಿದೆ. ಒಂದೊಂದು ಎಲುಬಿಗೂ ಹಿಂದೆ ಒಂದು ಕೊಕ್ಕು, ಎರಡು ಎಲುಬಿನ ನಡುವೆ ಮೆತ್ತಗಿನ ಬಿಲ್ಲೆ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಸರಿಯಾಗುತ್ತದೆ. ನನ್ನ ಮೈಯೊಳಗೆ ಇಷ್ಟು ಚಂದದ ಕೆಲಸವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅಂದಿನಿಂದ ದಿನಾ ಅದರ ಧೂಳು ಒರೆಸುವ ನೆವದಲ್ಲಿ ಅದರ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಮಗಾ, ಬೀಡಿ ಕಟ್ಟುವಾಗ ನನಗೆ ಕಚ್ಚಿದ ಹಾಗೆ ನೋವಾಗುವುದು ಇದರಲ್ಲಿ ಯಾವುದು?"

ಅವಳು ಕುತ್ತಿಗೆಯ ಕೆಳಗಿನ ಎಲುಬು ತೋರಿಸಿದಳು. ತಲೆ ಬಗ್ಗಿಸಿದಷ್ಟೂ ಕುತ್ತಿಗೆಗೆ ತಲೆ ಭಾರವಾಗುತ್ತದೆ ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. "ತಲೆ ಅದೇ ಅಲ್ವಾ? ಬಗ್ಗಿಸಿದ ಕೂಡಲೇ ಭಾರ ಎಲ್ಲಿಂದ ಬರ್ತದೆ?"

ಅವಳು ಅಡುಗೆಮನೆಗೆ ಹೋಗಿ ಚೊಂಬಿನ ತುಂಬ ನೀರು ತಂದಳು. ಎದೆಗೆ ತಾಗಿಸಿ ಹಿಡಿಯಲು ಹೇಳಿದಳು, ಹಿಡಿದೆ. ಕೈ ಮುಂದೆ ಚಾಚಿ ಹಿಡಿಯಲು ಹೇಳಿದಳು. ಸ್ವಲ್ಪ ಹೊತ್ತಿಗೆ ತೋಳು ನಡುಗತೊಡಗಿತು.

"ಚೊಂಬು ಅದೇ ಅಲ್ವಾ ಅತ್ತೆ?" ಎಂದಳು.

ಆ ದಿನದಿಂದ ನನಗೆ ಅವಳ ಓದಿನ ಮೇಲೆ ಆಸೆ ಹುಟ್ಟಿತು. ನನಗೆ ಕಲಿಯುವ ಆಸೆಯಲ್ಲ, ಅವಳು ಇವತ್ತು ಏನು ಕಲಿತಳು ಎಂದು ಕೇಳುವ ಆಸೆ. ಅವಳು ಬಸ್ಸಿಳಿದು ಕೈಕಾಲು ತೊಳೆಯುವಷ್ಟರಲ್ಲಿ ಚಹಾ ಮಾಡಿ ಇಟ್ಟು, "ಇವತ್ತು ಎಂತ?" ಎನ್ನುತ್ತಿದ್ದೆ. ಕೆಲವು ದಿನ ಮಂಡಿ, ಕೆಲವು ದಿನ ಉಸಿರಾಟ. ಪಾರ್ಶ್ವವಾಯು ಬಡಿದವರಿಗೆ ಮತ್ತೆ ಲೋಟ ಹಿಡಿಯಲು ಕಲಿಸುವುದು ಹೇಗೆ ಎಂದು ಒಂದು ಸಂಜೆ ಪೂರ್ತಿ ಹೇಳಿದ್ದಳು.

ಎರಡನೆಯ ವರ್ಷ ಅವಳು ಒಂದು ಪ್ರಬಂಧ ಬರೆಯಬೇಕಿತ್ತು. ತಾನೇ ಜನರನ್ನು ನೋಡಿ, ಅಳೆದು, ಏನಾದರೂ ಹೊಸದನ್ನು ತಿಳಿದು ಬರೆಯಬೇಕು. ಅದು ಮುಗಿಯದೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಅವಳು ಆರಿಸಿಕೊಂಡದ್ದು ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ ನೋವನ್ನು.

ಇದಕ್ಕಾಗಿ ಅವಳು ದೂರ ಹೋಗಬೇಕಾಗಿರಲಿಲ್ಲ. ಆಗ ನಮ್ಮ ಕಡೆ ಬೀಡಿ ಕಟ್ಟದ ಮನೆ ಕಡಿಮೆ. ಮಧ್ಯಾಹ್ನ ಊಟವಾದ ಮೇಲೆ ಕೇರಿಯ ಹೆಂಗಸರೆಲ್ಲ ದೊಡ್ಡಕ್ಕನ ಉದ್ದ ಜಗಲಿಗೆ ಬರುತ್ತಿದ್ದರು. ನಾನೂ ಹೋಗುತ್ತಿದ್ದೆ. ಕಾಲು ಚಾಚಿ, ಮಡಿಲಲ್ಲಿ ಗೆರಸೆ ಇಟ್ಟು, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಬಾಯಿ ಊರಿನ ಸುದ್ದಿ ಆಡುತ್ತಿದ್ದರೂ ಕಣ್ಣು ಬೆರಳ ತುದಿಯಲ್ಲೇ. ಸಂಜೆ ಬೀಡಿ ಕಟ್ಟುಗಳನ್ನು ಕಂಪನಿಯ ಬ್ರಾಂಚಿಗೆ ಒಯ್ಯಲು ಏಳುವಾಗ ಒಬ್ಬೊಬ್ಬರೂ ಕುತ್ತಿಗೆ ಹಿಡಿದುಕೊಂಡೇ ಏಳುವುದು.

ನಿಮ್ಮ ಅಮ್ಮ ಆ ಜಗಲಿಗೆ ಒಂದು ಭಾನುವಾರ ಕಾಗದಗಳ ಕಟ್ಟು ಹಿಡಿದು ಬಂದಳು. ಒಂದು ಕಾಗದವನ್ನು ಪುಸ್ತಕದ ಕನ್ನಡದಲ್ಲಿ ಜೋರಾಗಿ ಓದಿದಳು. ಅರ್ಧ ಜನರಿಗೆ ಈಗ ವ್ಯಾಯಾಮ, ಉಳಿದ ಅರ್ಧಕ್ಕೆ ಈಗ ಹೇಗೆ ಕೂರಬೇಕು ಎಂಬ ಸಲಹೆ ಮಾತ್ರ, ವ್ಯಾಯಾಮವನ್ನು ಅವರಿಗೆ ಕೊನೆಯಲ್ಲಿ ಹೇಳಿಕೊಡಲಾಗುವುದು ಎಂದು ಅದರಲ್ಲಿತ್ತು. ಎಲ್ಲರೂ ಪುರಾಣ ಕೇಳಿದ ಹಾಗೆ ತಲೆಯಾಡಿಸಿದರು. ಯಾರು ಯಾವ ಅರ್ಧ ಎಂದು ಚೀಟಿ ಎತ್ತಿಸಿದಳು. ಆಮೇಲೆ ಒಬ್ಬೊಬ್ಬರ ಕೈಗೂ ಒಂದು ಗೆರೆ ಎಳೆದ ಕಾಗದ ಕೊಟ್ಟಳು. ಗೆರೆಯ ಈ ತುದಿ ಎಂದರೆ ನೋವೇ ಇಲ್ಲ, ಆ ತುದಿ ಎಂದರೆ ತಡೆಯಲಾಗದ ನೋವು, ನಿಮ್ಮ ನೋವು ಎಲ್ಲಿ ಉಂಟೋ ಅಲ್ಲಿ ಗುರುತು ಹಾಕಿ ಎಂದಳು.

ದೊಡ್ಡಕ್ಕ ಪೆನ್ನು ಹಿಡಿದು ಬಹಳ ಯೋಚಿಸಿ, ಗೆರೆ ಮುಗಿದ ಮೇಲೂ ಎರಡು ಬೆರಳು ಆಚೆ ಗುರುತು ಹಾಕಿದಳು.

"ಗೆರೆಯ ಒಳಗೆ ಹಾಕಬೇಕು ದೊಡ್ಡಕ್ಕ."

"ಒಳಗೆ ಹಿಡಿಯದಿದ್ದರೆ ನಾನೆಂತ ಮಾಡ್ಲಿ? ನೀನು ಗೆರೆ ಉದ್ದ ಎಳಿ."

ನಾನೂ ಕೈ ಚಾಚಿದೆ. ನಿಮ್ಮ ಅಮ್ಮ ಮೆಲ್ಲಗೆ, "ಅತ್ತೆ, ಮನೆಯವರನ್ನು ಸೇರಿಸುವ ಹಾಗಿಲ್ಲ. ನೀವು ಲೆಕ್ಕಕ್ಕಿಲ್ಲ" ಎಂದಳು. ಜಗಲಿಯೆಲ್ಲ ನಕ್ಕಿತು. "ಸೊಸೆ ಬಂದ ಮೇಲೆ ಅತ್ತೆ ಲೆಕ್ಕಕ್ಕಿಲ್ಲ, ಅದು ನಮಗೆ ಗೊತ್ತಿದ್ದದ್ದೇ" ಎಂದಳು ದೊಡ್ಡಕ್ಕ. ನಾನೂ ನಕ್ಕೆ. ಆದರೆ ನನ್ನ ನೋವು ಆ ಗೆರೆಯ ಮೇಲೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಆಸೆ ಮನಸ್ಸಿನಲ್ಲೇ ಉಳಿಯಿತು.

ಚೀಟಿಯಲ್ಲಿ ವ್ಯಾಯಾಮ ಬಂದವರನ್ನು ವಾರಕ್ಕೆರಡು ಸಂಜೆ ನಮ್ಮ ಮನೆಯ ಒಳಕೋಣೆಗೆ ಕರೆದು ಹೇಳಿಕೊಡುತ್ತಿದ್ದಳು. ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯುವುದು, ಬೆನ್ನಿನ ಎರಡು ರೆಕ್ಕೆಯೆಲುಬುಗಳನ್ನು ಹತ್ತಿರ ತರುವುದು, ಹೀಗೆ. ಮನೆಯಲ್ಲೂ ದಿನಾ ಮಾಡಬೇಕು ಎಂದಿದ್ದಳು. ನೋಡಿದರೆ ಯಾರಿಗಾದರೂ ಬರುವಂಥದ್ದೇ. ನಾನು ಮಾಡಲಿಲ್ಲ. ಗದ್ದ ಎಳೆದು ಕೂರುವುದನ್ನು ಯಾರಾದರೂ ಕಂಡರೆ ಎಂಬ ನಾಚಿಕೆ ನನಗೆ.

ಆ ಹೊತ್ತಿಗೆ ಪುಟ್ಟೀ, ನೀನು ಹೊಟ್ಟೆಯಲ್ಲಿದ್ದೆ. ನಿಮ್ಮ ಅಮ್ಮನಿಗೆ ಬಸ್ಸಿನಲ್ಲಿ ಡೀಸೆಲ್ ವಾಸನೆ ತಡೆಯುತ್ತಿರಲಿಲ್ಲ. ಲಿಂಬೆಹಣ್ಣು ಮೂಸುತ್ತ ಮಣಿಪಾಲಕ್ಕೆ ಹೋಗಿಬರುತ್ತಿದ್ದಳು. "ಪ್ರಬಂಧ ಮುಂದಿನ ವರ್ಷ ಬರೆಯಬಹುದಲ್ಲ?" ಎಂದು ನಿಮ್ಮ ಅಪ್ಪ ಕೇಳಿದಾಗ ಅವಳು, "ಮಗು ಹುಟ್ಟುವ ಮೊದಲು ಮುಗಿಸಿದರೆ ಮುಗಿಯಿತು. ಬಿಟ್ಟರೆ ಬಿಟ್ಟ ಹಾಗೆಯೇ" ಎಂದಳು. ನಾನು ಏಳನೆಯ ತರಗತಿ ಮುಗಿಸಿದ ವರ್ಷ ನನ್ನ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ಜನ ಬೇಕಿತ್ತು. ಶಾಲೆಗೆ ಮುಂದಿನ ವರ್ಷ ಹೋದರಾಯಿತು ಎಂದರು. ಅವಳ ಮಾತು ನಿಜವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಸಂಜೆ ಊಟಕ್ಕೆ ಕೂತಾಗ ನಾನು ಸಂತೋಷದ ಸುದ್ದಿ ಎಂದು ಹೇಳಿದೆ.

"ನಿನ್ನ ವ್ಯಾಯಾಮ ಈಗ ಕೇರಿಗೆಲ್ಲ ಬರ್ತದೆ ಮಗಾ. ಚೀಟಿಯಲ್ಲಿ ಬಾರದವರೂ ಮಾಡ್ತಾರೆ. ಇವತ್ತು ಜಗಲಿಯಲ್ಲಿ ದೊಡ್ಡಕ್ಕ ಹೇಳಿಕೊಡುವುದು ನೋಡಬೇಕಿತ್ತು ನೀನು, ನಿನಗಿಂತ ಜೋರು."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲರೂ?"

"ಎಲ್ಲರೂ. ಸುಮಾರು ದಿನ ಆಯಿತು."

ಅವಳು ಎದ್ದು ಕೈ ತೊಳೆದಳು. ಏನು ತಪ್ಪಾಯಿತೆಂದು ನನಗೆ ತಿಳಿಯಲಿಲ್ಲ. ಹಿಂದೆಯೇ ಹೋಗಿ ಕೇಳಿದೆ. ಅವಳು ಗೋಡೆಗೆ ಒರಗಿ ಸಮಾಧಾನದಿಂದಲೇ ಹೇಳಿದಳು. "ಅತ್ತೆ, ನೀವು ಎರಡು ಭರಣಿ ಉಪ್ಪಿನಕಾಯಿ ಹಾಕ್ತೀರಿ. ಒಂದಕ್ಕೆ ಹೊಸ ಮಸಾಲೆ, ಒಂದಕ್ಕೆ ಇಲ್ಲ. ಹೊಸ ಮಸಾಲೆ ಒಳ್ಳೆಯದಾ ಅಂತ ನೋಡಲಿಕ್ಕೆ. ಯಾರೋ ಬಂದು ಎರಡಕ್ಕೂ ಅದನ್ನೇ ಸುರಿದರೆ?"

"ಯಾವುದರಿಂದ ರುಚಿ ಬಂತು ಗೊತ್ತಾಗುವುದಿಲ್ಲ."

"ಅದೇ ಆದದ್ದು" ಎಂದಳು. "ಇಷ್ಟು ದಿನ ಮಾಡಿದ್ದೆಲ್ಲ ಹೋಯಿತು."

ಮರುದಿನ ಅವಳು ಜಗಲಿಗೆ ಬಂದು ಕೇಳಿದಾಗ ಹೆಂಗಸರಿಗೆ ಅವಳ ಮುಖ ನೋಡಿಯೇ ಗಾಬರಿ. ದೊಡ್ಡಕ್ಕ ಮಾತ್ರ ಎಲೆ ಸುತ್ತುತ್ತಲೇ ಹೇಳಿದಳು.

"ಮನೆಯಲ್ಲಿ ದಿನಾ ಮಾಡು ಅಂದವಳು ನೀನೇ. ನಾನು ಕುತ್ತಿಗೆ ನೆಟ್ಟಗೆ ಮಾಡುವುದು ಈ ಜಗಲಿಯಲ್ಲಿ. ಪಕ್ಕದಲ್ಲಿ ಕೂತವಳು 'ಅಯ್ಯೋ ಕುತ್ತಿಗೆ' ಅನ್ನುವಾಗ, 'ನಿನ್ನ ಚೀಟಿಯಲ್ಲಿ ಬರಲಿಲ್ಲ, ನೀನು ಸಾಯಿ' ಅನ್ನಲಿಕ್ಕಾಗ್ತದಾ? ಹೊಗೆಸೊಪ್ಪು ಕಡಿಮೆ ಬಿದ್ದರೆ ಒಬ್ಬರ ಗೆರಸೆಯಿಂದ ಒಬ್ಬರು ತೆಗೆಯುವುದಿಲ್ವಾ ನಾವು?"

ನಿಮ್ಮ ಅಮ್ಮನಿಗೆ ಸಿಟ್ಟು ಬರಬೇಕಿತ್ತು. ಅವಳಿಗೆ ಬಂದದ್ದು ನಗು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅದನ್ನು ಕಂಡ ಮೇಲೆ ದೊಡ್ಡಕ್ಕ ಬೀಡಿ ಕೆಳಗಿಟ್ಟಳು. "ಪರೀಕ್ಷೆಗೆ ತೊಂದರೆ ಆಗ್ತದಾ ಇದರಿಂದ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಆಗ್ತದೆ ಎಂದಳು ನಿಮ್ಮ ಅಮ್ಮ.

ಸೋಮವಾರ ಅವಳು ಗೈಡ್ ಮೇಡಂ ಹತ್ತಿರ ಹೋಗಿ ಹೇಳಬೇಕಿತ್ತು. ಪ್ರಬಂಧಕ್ಕೆ ದಾರಿ ತೋರಿಸುವ ಅಧ್ಯಾಪಕಿ ಅವರು. "ಅತ್ತೆ, ನೀವೂ ಬನ್ನಿ" ಎಂದಳು. ಬಸ್ಸಿನಲ್ಲಿ ತಲೆಸುತ್ತು ಬಂದರೆ ಎಂದು ನೆವ ಹೇಳಿದಳು. ನನಗೆ ಮಣಿಪಾಲ ಎಂದರೆ ನಿಮ್ಮ ಅಜ್ಜನ ಕೊನೆಯ ದಿನಗಳ ಆಸ್ಪತ್ರೆ. ಮತ್ತೆ ಆ ಗುಡ್ಡ ಹತ್ತುವುದಿಲ್ಲ ಎಂದುಕೊಂಡಿದ್ದೆ. ಆದರೂ ಹೊರಟೆ. ಅವಳು ದಿನಾ ಹೇಳುತ್ತಿದ್ದುದನ್ನು ಕಣ್ಣಾರೆ ನೋಡುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಲ್ಲಿ ಒಂದು ದೊಡ್ಡ ಕೋಣೆಯ ಬಾಗಿಲಲ್ಲಿ ಬೆಂಚಿನ ಮೇಲೆ ಕೂತೆ. ಒಳಗೆ ನನ್ನ ಪ್ರಾಯದ ಒಬ್ಬರು ಎರಡು ಕಬ್ಬಿಣದ ಸರಳುಗಳ ನಡುವೆ ನಡೆಯಲು ಕಲಿಯುತ್ತಿದ್ದರು. ಎದುರಿಗೆ ಒಬ್ಬಳು ವಿದ್ಯಾರ್ಥಿನಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಮಗುವನ್ನು ಕರೆಯುವ ಹಾಗೆ ಕರೆಯುತ್ತಿದ್ದಳು. ಅವರು ಸಿಟ್ಟಿನಲ್ಲಿ, "ನಾನು ನಿನ್ನ ಅಪ್ಪನಿಗಿಂತ ದೊಡ್ಡವ" ಎಂದರು. "ಹಾಗಾದ್ರೆ ನನ್ನಪ್ಪನಿಗಿಂತ ಬೇಗ ಬನ್ನಿ" ಎಂದಳು ಅವಳು. ಅವರು ನಕ್ಕು ಕಾಲು ಎತ್ತಿದರು. ನಿಮ್ಮ ಅಜ್ಜ ಇದ್ದ ಕಟ್ಟಡದಲ್ಲಿ ನಾನು ಮಲಗಿದವರನ್ನಷ್ಟೇ ನೋಡಿದ್ದೆ. ಇಲ್ಲಿ ಏಳುವವರನ್ನು ನೋಡಿದೆ.

ಗೈಡ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. "ಒಂದೇ ಜಗಲಿಯಲ್ಲಿ ಕೂತವರನ್ನು ಚೀಟಿ ಹಾಕಿ ಎರಡು ಮಾಡಿದ್ದು ನಮ್ಮ ಕಡೆಯ ತಪ್ಪು. ಆದದ್ದನ್ನು ಆದ ಹಾಗೆಯೇ ಪ್ರಬಂಧದಲ್ಲಿ ಬರೆ. ಬೆಳ್ಮಣ್‌ನವರೆಲ್ಲ ವ್ಯಾಯಾಮದ ಗುಂಪು ಅಂತ ಇಟ್ಟುಕೋ. ಸಲಹೆ ಮಾತ್ರದ ಗುಂಪಿಗೆ ದೂರದ ಊರು ಹುಡುಕು. ಆದರೆ ಬೇಗ. ನಿನಗೆ ದಿನ ಹತ್ತಿರ ಬರ್ತಾ ಉಂಟು" ಎಂದರು.

ದೂರದ ಊರು ಎಂದರೆ ನನಗೆ ನೆನಪಾದದ್ದು ಅಜೆಕಾರು, ನಿಮ್ಮ ಅಜ್ಜನ ತಂಗಿಯ ಮನೆ. ಆ ನಾದಿನಿಗೆ ಫೋನು ಮಾಡಿಸಿದೆ. ಮುಂದಿನ ಭಾನುವಾರ ಅವಳು ತನ್ನ ಅಂಗಳದಲ್ಲಿ ಬೀಡಿ ಕಟ್ಟುವ ಹೆಂಗಸರನ್ನೆಲ್ಲ ಸೇರಿಸಿದಳು.

ಈ ಸಲ ನಿಮ್ಮ ಅಮ್ಮ ಕಾಗದ ಓದಲಿಲ್ಲ. ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿದಳು. ನಿಮಗೆ ಈಗ ಸಲಹೆ ಮಾತ್ರ, ಅಳತೆ ಮುಗಿದ ಮೇಲೆ ವ್ಯಾಯಾಮ ಎಂದಳು. ಚೆನ್ನಾಗಿ ಅರ್ಥವಾದದ್ದೇ ತೊಂದರೆಯಾಯಿತು. ಮುಂದೆ ಕೂತಿದ್ದ ಒಬ್ಬ ಎತ್ತರದ ಹೆಂಗಸು ಎದ್ದಳು.

"ಬೆಳ್ಮಣ್‌ನವರಿಗೆ ಈಗ, ನಮಗೆ ಆಮೇಲೆ. ಯಾಕೆ, ನಮ್ಮ ಕುತ್ತಿಗೆ ಎಂತ ಮರದ್ದಾ?"

"ಹಾಗಲ್ಲ ಅಕ್ಕ, ಹೋಲಿಸಿ ನೋಡಬೇಕಾದರೆ..."

"ಅಳೆದು ಬರೆದುಕೊಂಡು ಹೋದವಳು ಮತ್ತೆ ಬರ್ತಿ ಅಂತ ಎಂತ ಗ್ಯಾರಂಟಿ? ಪರೀಕ್ಷೆ ಪಾಸಾದ ಮೇಲೆ ನಿನಗೆ ಅಜೆಕಾರು ಯಾವ ದಿಕ್ಕಿನಲ್ಲಿ ಉಂಟು ಅಂತಲೂ ಗೊತ್ತಿರುವುದಿಲ್ಲ." ಅವಳು ನಿಮ್ಮ ಅಮ್ಮನ ಹೊಟ್ಟೆ ನೋಡಿದಳು. "ಅದೂ ಈ ಸ್ಥಿತಿಯಲ್ಲಿ."

ಎರಡು ಮೂರು ಮಂದಿ ಏಳಲು ಹೊರಟರು. ನಿಮ್ಮ ಅಮ್ಮ ನನ್ನ ಕಡೆ ನೋಡಲಿಲ್ಲ. ಜನರ ಎದುರು ನನಗೆ ಮಾತು ಹೊರಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ನಾನು ತುಳಸಿಕಟ್ಟೆಯ ಹಿಂದೆ ಕೂತಿದ್ದೆ. ಹೇಗೆ ಎದ್ದೆನೋ ತಿಳಿಯದು.

"ನನಗೂ ಹೇಳಿಕೊಡಲಿಲ್ಲ" ಎಂದೆ.

ಎಲ್ಲರೂ ತಿರುಗಿದರು. ಸೆರಗಿನ ತುದಿ ಹಿಡಿದುಕೊಂಡೆ.

"ನಾನು ಅವಳ ಅತ್ತೆ. ಒಂದೇ ಮನೆ. ನನಗೂ ಕುತ್ತಿಗೆ ನೋವುಂಟು. ಮನೆಯವಳು ಅಂತ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ."

"ಅತ್ತೆ ಸೊಸೆಗೆ ಆಗುವುದಿಲ್ಲ ಅಂತ ಕಾಣ್ತದೆ" ಎಂದಿತು ಹಿಂದಿನಿಂದ ಒಂದು ದನಿ. ಅಂಗಳ ನಕ್ಕಿತು. ಆ ನಗುವಿನಿಂದ ನನಗೆ ಉಪಕಾರವೇ ಆಯಿತು, ಉಸಿರು ಎಳೆದುಕೊಳ್ಳಲು ಹೊತ್ತು ಸಿಕ್ಕಿತು.

"ಆಗ್ತದೆ. ಆಗ್ತದೆ ಅಂತಲೇ ಹೇಳ್ತೇನೆ" ಎಂದೆ. "ನಾನು ನಿಮ್ಮ ಗುಂಪು. ನಿಮಗೆ ಹೇಳಿಕೊಡುವ ದಿನ ಇದೇ ಅಂಗಳದಲ್ಲಿ ಕೂತು ನಾನೂ ಕಲಿಯುತ್ತೇನೆ. ಅದರವರೆಗೆ ನಾನೂ ಮಾಡುವುದಿಲ್ಲ. ಅವಳು ನಿಮ್ಮನ್ನು ಮರೆತರೆ ಮನೆಯಲ್ಲಿ ನನ್ನ ಕುತ್ತಿಗೆ ಅವಳಿಗೆ ನೆನಪು ಮಾಡ್ತದೆ."

ಎತ್ತರದ ಹೆಂಗಸು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಾತಾಡಲಿಕ್ಕೆ ಬರುವುದಿಲ್ಲ ಅಂತ ನಿಮ್ಮ ನಾದಿನಿ ಹೇಳಿದ್ದಳು" ಎಂದು ಕೂತಳು. ಕೂತ ಮೇಲೆ ಗೆರೆಯ ಕಾಗದಕ್ಕೆ ಕೈ ಚಾಚಿದಳು.

ಆಮೇಲಿನ ದಿನಗಳು ನನಗೆ ಕಷ್ಟದವು. ಬೆಳ್ಮಣ್‌ನ ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಗದ್ದ ಎಳೆಯುವಾಗ ನಾನು ಮುಖ ಗೋಡೆಯ ಕಡೆ ಮಾಡುತ್ತಿದ್ದೆ. "ಯಾರೂ ನೋಡುವುದಿಲ್ಲ, ಮಾಡು ಮಾರಾಯ್ತಿ. ಅಜೆಕಾರಿಗೆ ಇಲ್ಲಿಂದ ಕಾಣ್ತದಾ?" ಎಂದು ದೊಡ್ಡಕ್ಕ ಕೆಣಕುತ್ತಿದ್ದಳು. ನಾನು ಮಾಡಲಿಲ್ಲ. ಮೊದಲು ಮಾಡದೆ ಇದ್ದದ್ದು ನಾಚಿಕೆಯಿಂದ, ಈಗ ಮಾತಿನಿಂದ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಒಳಗೆ ಬೇರೆಯೇ ಆಗಿರುತ್ತವೆ ಎಂದು ಆಗ ತಿಳಿಯಿತು.

ನಿಮ್ಮ ಅಮ್ಮ ಅಜೆಕಾರಿನ ಕೊನೆಯ ಅಳತೆ ಮುಗಿಸುವಾಗ ಅವಳ ಕಾಲು ಬಾತಿತ್ತು. ಚಾಪೆಯ ಮೇಲೆ ಕಾಲು ಚಾಚಿ, ಗೋಡೆಗೆ ದಿಂಬು ಇಟ್ಟು ಪ್ರಬಂಧ ಬರೆದಳು. ಜಗಲಿಯಲ್ಲಿ ಆದದ್ದನ್ನೂ ಬರೆದಳಂತೆ. ಎರಡು ಊರುಗಳನ್ನು ಹೋಲಿಸಿದಾಗ ಬೆಳ್ಮಣ್‌ನವರಿಗೆ ನೋವು ಸ್ವಲ್ಪ ಹೆಚ್ಚು ಇಳಿದಿತ್ತು. "ಸ್ವಲ್ಪವಾ?" ಎಂದು ನಾನು ಬೇಸರದಿಂದ ಕೇಳಿದೆ. "ಸ್ವಲ್ಪ ಅಂತ ಗೊತ್ತಾದದ್ದೂ ಒಂದು ಗೊತ್ತಾದದ್ದೇ ಅತ್ತೆ" ಎಂದಳು. ದೊಡ್ಡಕ್ಕನ ಕೊನೆಯ ಕಾಗದ ತೋರಿಸಿದಳು. ಗುರುತು ಗೆರೆಯ ತುದಿಯ ಹತ್ತಿರವೇ ಇತ್ತು, ಆದರೆ ಒಳಗೆ.

ಪರೀಕ್ಷೆ ಬರೆದಳು, ಪಾಸಾದಳು. ಫಲಿತಾಂಶ ಬಂದ ವಾರ ಅವಳನ್ನು ಹೆರಿಗೆಗೆ ಅಂಬಲಪಾಡಿಗೆ ಕರೆದೊಯ್ಯಲು ತವರಿನವರು ಬಂದರು. ಜೀಪು ಅಂಗಳದಲ್ಲಿ ನಿಂತಿತ್ತು. ಅಜೆಕಾರಿಗೆ ಮಗು ಆದ ಮೇಲೆ ಹೋದರಾಯಿತು ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಹೇಳಿದೆ. ಅವಳ ದಣಿದ ಮುಖ ನೋಡಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತಿತ್ತು.

ಅವಳು ಜೀಪು ಹತ್ತಿ, ಡ್ರೈವರ್‌ಗೆ, "ಮೊದಲು ಅಜೆಕಾರು. ಮೆಲ್ಲಗೆ ಬಿಡಿ" ಎಂದಳು. ನನ್ನ ಕಡೆ ತಿರುಗಿ, "ಅತ್ತೆ, ಹತ್ತಿ. ನೀವಿಲ್ಲದೆ ಹೇಳಿಕೊಡುವ ಹಾಗಿಲ್ಲ" ಎಂದಳು. ಅವಳ ತೊಡೆಯ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಬೆನ್ನೆಲುಬು ಮಲಗಿತ್ತು.

ನಾದಿನಿ ಹೆಂಗಸರನ್ನೆಲ್ಲ ಕರೆಸುವಷ್ಟರಲ್ಲಿ ನಿಮ್ಮ ಅಮ್ಮ ಅದನ್ನು ಅಂಗಳದ ತುಳಸಿಕಟ್ಟೆಗೆ ಒರಗಿಸಿ ನಿಲ್ಲಿಸಿದಳು. ಅವಳಿಗೆ ನೆಲದಲ್ಲಿ ಕೂರಲಾಗಲಿಲ್ಲ. ಎತ್ತರದ ಹೆಂಗಸು ಓಡಿಹೋಗಿ ತನ್ನ ಮನೆಯಿಂದ ಕುರ್ಚಿ ತಂದಳು. ನಾನು ಆ ಹೆಂಗಸಿನ ಪಕ್ಕದಲ್ಲೇ ನೆಲದಲ್ಲಿ ಕೂತೆ. ನಿಮ್ಮ ಅಮ್ಮ ನನ್ನ ಕೈಗೂ ಗೆರೆಯ ಕಾಗದ ಕೊಟ್ಟಳು. "ಇದು ಯಾವ ಲೆಕ್ಕಕ್ಕೂ ಅಲ್ಲ ಅತ್ತೆ, ನನಗೆ ನೋಡಲಿಕ್ಕೆ" ಎಂದಳು. ಗೆರೆಯ ನಡುವಿನಿಂದ ಸ್ವಲ್ಪ ಆಚೆ ಗುರುತು ಹಾಕಿದೆ. ಇಷ್ಟು ಕಾಲ ಹೊತ್ತುಕೊಂಡಿದ್ದ ನೋವು ಎಲ್ಲಿದೆ ಎಂದು ಅಂದು ನೋಡಿದೆ. ನಾನು ಎಣಿಸಿದ್ದಕ್ಕಿಂತ ಈಚೆಗೇ ಇತ್ತು.

ಆಮೇಲೆ ಅಷ್ಟೂ ಹೆಂಗಸರ ಎದುರು ಗದ್ದವನ್ನು ಹಿಂದಕ್ಕೆ ಎಳೆದೆ. ಪಕ್ಕದವಳು ನನ್ನನ್ನು ನೋಡಿ, "ಕೊಕ್ಕರೆ ಹಾಗೆ ಕಾಣ್ತೀರಿ" ಎಂದಳು. "ನೀವೂ" ಎಂದೆ. ಪುಟ್ಟೀ, ನೀನು ಅದೇ ವಾರ ಹುಟ್ಟಿದೆ. ಚಿನ್ನೂ, ನಿನ್ನ ಕಥೆ ಇಷ್ಟು ಉದ್ದವಿಲ್ಲ, ಸಿಟ್ಟು ಮಾಡಬೇಡ.

ಆ ಬೆನ್ನೆಲುಬು ಹೀಗೆ ಬಂತು, ಮತ್ತೆ ಈ ಕಾರಣಕ್ಕೆ ಉಳಿಯಿತು. ನಿಮ್ಮ ಅಮ್ಮನ ಪ್ರಬಂಧ ರಟ್ಟು ಹಾಕಿಸಿಕೊಂಡು ಕಪಾಟಿನಲ್ಲಿದೆ. ಇಂಗ್ಲಿಷಿನಲ್ಲಿರುವುದರಿಂದ ನಾನು ಓದಿಲ್ಲ. ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಅದರ ಒಳಗೇ ಇಡಿ, ಗೆದ್ದಲು ಬಾರದ ಹಾಗೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮರೆಯದೆ ಮತ್ತೆ ಅಲ್ಲಿಯೇ ತೆಗೆದಿಡಿ.